ಅರಸರಿಗೆ ಅಡ್ಡಹೆಸರು ಯಾವಾಗ ಬೇಕಾಗುತ್ತದೆ?

ಪ್ರಶ್ನೆ: ಬ್ರಿಟನ್ನಿನ ರಾಜಕುಮಾರ ಆಂಡ್ರ್ಯೂ ಅವರ ಬಿರುದುಗಳನ್ನು ಕಳೆದು, ಇನ್ನು ಮುಂದೆ ಅವರನ್ನು ‘ಆಂಡ್ರ್ಯೂ ಮೌಂಟ್‌ಬ್ಯಾಟನ್ ವಿಂಡ್ಸರ್’ ಎಂದು ಕರೆಯಲಾಗುವುದೆಂದು 2025ರ ಅಕ್ಟೋಬರ್ ಕೊನೆಯಲ್ಲಿ ಅರಮನೆ ಪ್ರಕಟಿಸಿತು. ಅದುವರೆಗೆ ಅವರಿಗೆ ಅಡ್ಡಹೆಸರೇ ಇರಲಿಲ್ಲವೇ? ವಿಂಡ್ಸರ್ ಎಂಬುದು ಅಡ್ಡಹೆಸರೋ, ವಂಶದ ಹೆಸರೋ? ಯುರೋಪಿನ ಬೇರೆ ರಾಜಮನೆತನಗಳಲ್ಲೂ ಹೀಗೆಯೇ ಇದೆಯೇ?

ಉತ್ತರ: ಅಡ್ಡಹೆಸರು ಇತ್ತು, ಅದನ್ನು ಬಳಸುವ ಅಗತ್ಯ ಬಿದ್ದಿರಲಿಲ್ಲ. ಎರಡನೆಯ ಎಲಿಜಬೆತ್ ರಾಣಿ ‘ಮೌಂಟ್‌ಬ್ಯಾಟನ್-ವಿಂಡ್ಸರ್’ ಎಂಬ ಹೆಸರನ್ನು ದೊರೆಯ ಸಲಹಾಮಂಡಳಿಯಾದ ಪ್ರಿವಿ ಕೌನ್ಸಿಲ್‌ನಲ್ಲಿ ಘೋಷಿಸಿದ್ದು 1960ರ ಫೆಬ್ರುವರಿ 8ರಂದು. ಆಂಡ್ರ್ಯೂ ಹುಟ್ಟಿದ್ದು ಅದೇ ತಿಂಗಳ 19ರಂದು. ಹೆಸರು ಮಗುವಿಗಿಂತ ಹನ್ನೊಂದು ದಿನ ದೊಡ್ಡದು. ಆದರೆ ಆ ಘೋಷಣೆ ಹೆಸರನ್ನು ಕಾದಿರಿಸಿದ್ದು ‘ರಾಯಲ್ ಹೈನೆಸ್’ ಎಂಬ ಗೌರವವಾಗಲಿ ರಾಜಕುಮಾರ ಪದವಿಯಾಗಲಿ ಇಲ್ಲದ ಮುಂದಿನ ತಲೆಮಾರಿನವರಿಗೆ. ಅರುವತ್ತೈದು ವರ್ಷಗಳ ನಂತರ ಅವೆರಡೂ ಆಂಡ್ರ್ಯೂ ಅವರಿಂದ ಕಳಚಿದಾಗ, ಅಷ್ಟು ಕಾಲ ಬೀರುವಿನಲ್ಲಿದ್ದ ಹೆಸರು ಅವರ ಪಾಲಿಗೆ ಬಂತು. ನಿಮ್ಮ ಪ್ರಶ್ನೆಯ ಉಳಿದ ಭಾಗಗಳಿಗೂ ಉತ್ತರ ಈ ಸಂಗತಿಯೊಳಗೇ ಇದೆ: ಯುರೋಪಿನ ರಾಜಮನೆತನಗಳಲ್ಲಿ ಅಡ್ಡಹೆಸರು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಒಬ್ಬ ವ್ಯಕ್ತಿ ಅರಸುತನದಿಂದ ನಾಗರಿಕತ್ವದ ಕಡೆಗೆ ಹೊಸ್ತಿಲು ದಾಟುವಾಗ.

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ. ಕನ್ನಡದಲ್ಲಿ ‘ಮನೆತನದ ಹೆಸರು’ ಮತ್ತು ‘ಅಡ್ಡಹೆಸರು’ ಎಂದು ಎರಡು ಮಾತುಗಳಿರುವುದು ಇಲ್ಲಿ ನಮಗೆ ಅನುಕೂಲ. ಹ್ಯಾಬ್ಸ್‌ಬರ್ಗ್, ಬೂರ್ಬೋಂ, ರೊಮಾನೊವ್, ವಿಂಡ್ಸರ್ ಎಂದು ಇತಿಹಾಸದ ಪುಸ್ತಕಗಳಲ್ಲಿ ಓದುವುದೆಲ್ಲ ಮೊದಲನೆಯ ಬಗೆಯವು. ಒಂದು ಸಿಂಹಾಸನವನ್ನು ಯಾವ ಪೀಳಿಗೆ ಆಳಿತು ಎಂಬುದನ್ನು ಗುರುತಿಸುವ ಹೆಸರುಗಳು. ಅವುಗಳಲ್ಲಿ ಕೆಲವು ಎರಡನೆಯ ಬಗೆಯ ಹೆಸರುಗಳೂ ಆದವು, ಹಲವು ಆಗಲೇ ಇಲ್ಲ. ‘ಅಡ್ಡಹೆಸರು’ ಎಂಬ ಮಾತಿಗಂತೂ ಇನ್ನೊಂದು ಬಲವಿದೆ. ಊರವರು ಒಬ್ಬನಿಗೆ ಇಟ್ಟು ಕರೆಯುವ ಹೆಸರಿಗೂ ತಲೆಮಾರುಗಳಿಂದ ಇಳಿದು ಬಂದ ಕುಟುಂಬದ ಹೆಸರಿಗೂ ನಾವು ಒಂದೇ ಪದ ಬಳಸುತ್ತೇವೆ, ಮತ್ತು ಯುರೋಪಿನ ಹಳೆಯ ರಾಜವಂಶಗಳ ಹೆಸರುಗಳನ್ನು ಬಗೆದು ನೋಡಿದರೆ ಎಷ್ಟೋ ಸಲ ಇವೆರಡೂ ಒಂದೇ ಬೇರಿನವು.

ಯುರೋಪಿನಲ್ಲಿ ಅಡ್ಡಹೆಸರುಗಳು ನೆಲೆಯಾದದ್ದು ಸುಮಾರು ಹನ್ನೊಂದನೆಯ ಶತಮಾನದಿಂದ ಈಚೆಗೆ. ಮೊದಲು ತಮ್ಮ ಕೋಟೆಯ ಹೆಸರು ಹಚ್ಚಿಕೊಂಡ ಜಹಗೀರುದಾರರು, ಆಮೇಲೆ ಪಟ್ಟಣಿಗರು, ಕೊನೆಗೆ ಹಳ್ಳಿಯವರು ಈ ರೂಢಿಗೆ ಬಂದರು. ಜಮೀನಿನ ಪತ್ರ, ಕಂದಾಯದ ಕಡತ, ನ್ಯಾಯಾಲಯದ ದಾಖಲೆ ಇವುಗಳಲ್ಲಿ ಒಬ್ಬ ಜಾನ್‌ನನ್ನು ಇನ್ನೊಬ್ಬ ಜಾನ್‌ನಿಂದ ಬೇರೆ ಮಾಡಿ ತೋರಿಸುವುದಕ್ಕೆ ಅಡ್ಡಹೆಸರು ಬೇಕಾಯಿತು. ದೊರೆಯ ವಿಷಯದಲ್ಲಿ ಈ ತೊಡಕೇ ಇರಲಿಲ್ಲ. ಒಂದು ರಾಜ್ಯಕ್ಕೆ ಒಬ್ಬನೇ ದೊರೆ; ಹಿಂದಿನ ದೊರೆಯ ಹೆಸರೇ ಇವನಿಗೂ ಇದ್ದರೆ ಒಂದು ಸಂಖ್ಯೆ ಸಾಕು. ಕಡತಗಳೆಲ್ಲ ಅವನ ಹೆಸರಿನಲ್ಲೇ ಬರೆಯಲ್ಪಡುತ್ತಿದ್ದವು, ಅವನು ರುಜು ಮಾತ್ರ ಹಾಕುತ್ತಿದ್ದ. ಇವತ್ತಿಗೂ ಬ್ರಿಟನ್ನಿನ ದೊರೆ ‘ಚಾರ್ಲ್ಸ್ ಆರ್’ ಎಂದಷ್ಟೇ ರುಜು ಮಾಡುತ್ತಾರೆ. ಆ ಕೊನೆಯ ಅಕ್ಷರ ‘ರೆಕ್ಸ್’ ಎಂಬ ಲ್ಯಾಟಿನ್ ಪದದ್ದು, ರಾಜ ಎಂದು ಅರ್ಥ. ಬ್ರಿಟಿಷ್ ಪಾಸ್‌ಪೋರ್ಟುಗಳು ದೊರೆಯ ಹೆಸರಿನಲ್ಲಿ ಹೊರಡುವುದರಿಂದ ದೊರೆಗೆ ಸ್ವತಃ ಪಾಸ್‌ಪೋರ್ಟ್ ಇರುವುದಿಲ್ಲ. ಆದ್ದರಿಂದ ಅಡ್ಡಹೆಸರಿನ ಅಂಕಣವನ್ನು ತುಂಬುವ ಸಂದರ್ಭವೂ ಅವರಿಗೆ ಬರುವುದಿಲ್ಲ.

ಹಾಗಾದರೆ ಪ್ಲಾಂಟಾಜೆನೆಟ್, ಟ್ಯೂಡರ್, ಸ್ಟುವರ್ಟ್ ಎಂಬ ಹೆಸರುಗಳು ಎಲ್ಲಿಂದ ಬಂದವು? ಪ್ಲಾಂಟಾಜೆನೆಟ್ ಎಂಬುದು ಹನ್ನೆರಡನೆಯ ಶತಮಾನದ ಆಂಜೂ ಪ್ರಾಂತದ ಕೌಂಟ್ ಜೆಫ್ರಿಯನ್ನು ಜನ ಕರೆಯುತ್ತಿದ್ದ ಹೆಸರು. ಹಳದಿ ಹೂ ಬಿಡುವ ಜೆನಿಸ್ಟಾ ಎಂಬ ಪೊದೆಗಿಡದ ಟೊಂಗೆಯನ್ನು ಅವನು ಟೋಪಿಗೆ ಸಿಕ್ಕಿಸಿಕೊಳ್ಳುತ್ತಿದ್ದನೆಂದು ಪ್ರತೀತಿ. ಅವನ ಮಗ ಎರಡನೆಯ ಹೆನ್ರಿ ಇಂಗ್ಲೆಂಡಿನ ದೊರೆಯಾದ. ಆದರೆ ಅವನಾಗಲಿ ಅವನ ನಂತರದ ದೊರೆಗಳಾಗಲಿ ಆ ಹೆಸರನ್ನು ಹಚ್ಚಿಕೊಳ್ಳಲಿಲ್ಲ. ಮುನ್ನೂರು ವರ್ಷ ಕಳೆದ ಮೇಲೆ, ಹದಿನೈದನೆಯ ಶತಮಾನದ ನಡುವಿನಲ್ಲಿ, ಯಾರ್ಕಿನ ಡ್ಯೂಕ್ ರಿಚರ್ಡ್ ತಾನೇ ಸಿಂಹಾಸನದ ನಿಜವಾದ ಹಕ್ಕುದಾರನೆಂದು ತೋರಿಸಲು ಅದನ್ನು ಅಡ್ಡಹೆಸರಾಗಿ ಎತ್ತಿಕೊಂಡ. ಪಟ್ಟ ಕೈಯಲ್ಲಿದ್ದವರಿಗೆ ಬೇಡವಾಗಿದ್ದ ಹೆಸರು ಪಟ್ಟಕ್ಕಾಗಿ ಹೋರಾಡುವವನಿಗೆ ಬೇಕಾಯಿತು.

ಟ್ಯೂಡರ್ ಹೆಸರಿನ ಹುಟ್ಟು ಕನ್ನಡಿಗರಿಗೆ ಹೆಚ್ಚು ಹತ್ತಿರದ್ದು ಎನಿಸುತ್ತದೆ. ವೇಲ್ಸ್ ನಾಡಿನಲ್ಲಿ ಆಗ ಅಡ್ಡಹೆಸರುಗಳಿರಲಿಲ್ಲ. ‘ಅಪ್’ ಎಂದರೆ ಮಗ, ಅದನ್ನು ಸೇರಿಸಿ ತಂದೆಯ ಹೆಸರು, ಅಜ್ಜನ ಹೆಸರು ಹೇಳುವುದು ಅಲ್ಲಿನ ರೂಢಿ. ಐದನೆಯ ಹೆನ್ರಿಯ ವಿಧವೆ ಕ್ಯಾಥರೀನ್ ರಾಣಿಯನ್ನು ಮದುವೆಯಾದ ವೇಲ್ಸ್‌ನವನ ಪೂರ್ಣ ಹೆಸರು ಓವೈನ್ ಅಪ್ ಮರೆದಿದ್ ಅಪ್ ಟ್ಯೂಡಿರ್, ಅಂದರೆ ಟ್ಯೂಡಿರನ ಮಗನಾದ ಮರೆದಿದನ ಮಗ ಓವೈನ್. ಇಂಗ್ಲಿಷರ ದಾಖಲೆಗಳಲ್ಲಿ ಕೊನೆಗೆ ನಿಂತದ್ದು ಅಜ್ಜನ ಹೆಸರು. ತಂದೆಯ ಹೆಸರು ನಿಂತಿದ್ದರೆ ಎಂಟನೆಯ ಹೆನ್ರಿಯನ್ನೂ ಮೊದಲನೆಯ ಎಲಿಜಬೆತ್‌ಳನ್ನೂ ನಾವು ಇವತ್ತು ಮೆರೆಡಿತ್ ವಂಶದವರೆಂದು ಓದುತ್ತಿದ್ದೆವು. ಹೊರದೇಶಕ್ಕೆ ಹೋದ ನಮ್ಮವರು ಅರ್ಜಿಯಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕಾಗಿ ಬಂದು, ಊರಿನ ಹೆಸರೋ ತಂದೆಯ ಹೆಸರೋ ಮುಂದೆ ಮಕ್ಕಳು ಮೊಮ್ಮಕ್ಕಳ ಅಡ್ಡಹೆಸರಾಗಿ ನಿಂತುಬಿಡುವುದನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಸ್ಟುವರ್ಟ್ ಎಂಬುದು ಹುದ್ದೆಯಿಂದ ಬಂದದ್ದು. ಹನ್ನೆರಡನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಮೊದಲನೆಯ ಡೇವಿಡ್ ದೊರೆಯ ಅರಮನೆಯಲ್ಲಿ ವಾಲ್ಟರ್ ಫಿಟ್ಸ್‌ಆಲನ್ ‘ಸ್ಟುವರ್ಡ್’ ಆಗಿದ್ದ. ನಮ್ಮ ಮಾತಿನಲ್ಲಿ ಪಾರುಪತ್ಯಗಾರ. ಹುದ್ದೆ ವಂಶಪಾರಂಪರ್ಯವಾಯಿತು, ಹುದ್ದೆಯ ಹೆಸರು ಕುಟುಂಬದ ಹೆಸರಾಯಿತು, 1371ರಲ್ಲಿ ಆ ಕುಟುಂಬದ ರಾಬರ್ಟ್ ಸ್ಕಾಟ್ಲೆಂಡಿನ ದೊರೆಯಾದ. ನಮ್ಮ ಮೈಸೂರಿನ ‘ಒಡೆಯರ್’ ಕೂಡ ಹೀಗೆಯೇ ಪದವಿಯಿಂದ ಹೆಸರಾಗಿ ಬೆಳೆದದ್ದು. ಹ್ಯಾಬ್ಸ್‌ಬರ್ಗ್, ನಸ್ಸಾವ್, ಬೂರ್ಬೋಂ ಮುಂತಾದವು ಕೋಟೆಗಳ ಹೆಸರುಗಳು. ಆಸ್ಟ್ರಿಯಾವನ್ನು ಶತಮಾನಗಳ ಕಾಲ ಆಳಿದವರ ಮೂಲಕೋಟೆ ಹ್ಯಾಬ್ಸ್‌ಬರ್ಗ್ ಇರುವುದು ಇಂದಿನ ಸ್ವಿಟ್ಜರ್ಲೆಂಡಿನಲ್ಲಿ.

ಅರಸನ ಮೇಲೆ ಬಲವಂತವಾಗಿ ಅಡ್ಡಹೆಸರು ಹೊರಿಸಿದ ಅತ್ಯಂತ ದಾರುಣ ಪ್ರಸಂಗ ಫ್ರಾನ್ಸಿನದು. 1792ರ ಸೆಪ್ಟೆಂಬರಿನಲ್ಲಿ ಅರಸೊತ್ತಿಗೆ ರದ್ದಾದ ಮೇಲೆ ಹದಿನಾರನೆಯ ಲೂಯಿಯನ್ನು ಏನೆಂದು ಕರೆಯಬೇಕು ಎಂಬ ಪ್ರಶ್ನೆ ಎದ್ದಿತು. ಗಣರಾಜ್ಯದಲ್ಲಿ ಎಲ್ಲರೂ ನಾಗರಿಕರು, ನಾಗರಿಕನಿಗೆ ಅಡ್ಡಹೆಸರು ಇರಲೇಬೇಕು. 987ರಲ್ಲಿ ಪಟ್ಟಕ್ಕೆ ಬಂದ ಮೂಲಪುರುಷ ಹ್ಯೂ ‘ಕಾಪೆ’ಯ ಹೆಸರನ್ನೇ ತೆಗೆದು ಲೂಯಿಗೆ ಹಚ್ಚಿದರು. ಹ್ಯೂ ಧರಿಸುತ್ತಿದ್ದ ನಿಲುವಂಗಿಯ ಕಾರಣ ಬಂದಿತೆನ್ನಲಾದ ಕರೆಹೆಸರು ಅದು. ಅವನ ಸಂತತಿಯ ಯಾವ ದೊರೆಗೂ ಅದು ಅಡ್ಡಹೆಸರಾಗಿರಲಿಲ್ಲ. ಡಿಸೆಂಬರ್ 11ರಂದು ಟೆಂಪಲ್ ಕೋಟೆಯ ಸೆರೆಯಿಂದ ವಿಚಾರಣೆಗೆ ಕರೆದೊಯ್ಯಲು ಬಂದವರು ಆಜ್ಞೆಯನ್ನು ಓದಿ ‘ಲೂಯಿ ಕಾಪೆ’ ಎಂದಾಗ, ಅದು ತನ್ನ ಹೆಸರಲ್ಲ, ತನ್ನ ಪೂರ್ವಿಕನೊಬ್ಬನ ಹೆಸರು ಎಂದು ಲೂಯಿ ತಿದ್ದಿದ. ವಂಶಾವಳಿಯ ಲೆಕ್ಕದಲ್ಲಿ ಅವನ ಮಾತು ಸರಿಯಾಗಿತ್ತು. ಆದರೆ ಓದುತ್ತಿದ್ದವರು ವಂಶಾವಳಿಯ ಮಾತಾಡುತ್ತಿರಲಿಲ್ಲ. ಹೆಸರಿಡುವ ಅಧಿಕಾರ ಈಗ ಯಾರದು ಎಂಬುದನ್ನು ತಿಳಿಸುತ್ತಿದ್ದರು. 1793ರ ಜನವರಿ 21ರಂದು ಅವನನ್ನು ಕೊಂದರು, ಅಕ್ಟೋಬರ್ 16ರಂದು ‘ವಿಧವೆ ಕಾಪೆ’ ಎಂಬ ಹೆಸರಿನಲ್ಲಿ ಮಾರಿ ಆಂತ್ವಾನೆತ್‌ಳನ್ನು ಕೊಂದರು. ಲೂಯಿಯ ದಾಯಾದಿ, ಓರ್ಲಿಯಾನ್ಸಿನ ಡ್ಯೂಕ್ ಫಿಲಿಪ್, ಪದವಿ ಬಿಟ್ಟು ಪ್ಯಾರಿಸಿನ ಕಮ್ಯೂನಿನಿಂದ, ಅಂದರೆ ನಗರಾಡಳಿತದಿಂದ, ‘ಎಗಲಿತೆ’ ಎಂಬ ಅಡ್ಡಹೆಸರನ್ನು ಪಡೆದ. ಸಮಾನತೆ ಎಂದು ಅದರ ಅರ್ಥ. ಆ ಹೆಸರಿನಿಂದಲೇ ಗಣರಾಜ್ಯದ ಶಾಸನಸಭೆಯಲ್ಲಿ ಕುಳಿತು ಲೂಯಿಯ ಮರಣದಂಡನೆಯ ಪರ ಮತ ಹಾಕಿದ. ಅದೇ ವರ್ಷ ನವೆಂಬರಿನಲ್ಲಿ ಅವನ ತಲೆಯೂ ಉರುಳಿತು.

ಈಗ ನಿಮ್ಮ ವಿಂಡ್ಸರ್ ಪ್ರಶ್ನೆ. ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್ ಜರ್ಮನಿಯ ಸ್ಯಾಕ್ಸ್-ಕೋಬರ್ಗ್-ಗೋಥಾ ಮನೆತನದವನು. ಆದ್ದರಿಂದ 1901ರಲ್ಲಿ ಮಗ ಏಳನೆಯ ಎಡ್ವರ್ಡ್ ಪಟ್ಟಕ್ಕೆ ಬಂದಾಗ ಬ್ರಿಟನ್ನಿನ ರಾಜಮನೆತನಕ್ಕೂ ಅದೇ ಹೆಸರಾಯಿತು. ಹದಿಮೂರು ವರ್ಷಗಳಲ್ಲಿ ಜರ್ಮನಿಯೊಡನೆ ಯುದ್ಧ ಹತ್ತಿತು. 1917ರ ಜೂನ್ 13ರಂದು ಹಾಡಹಗಲೇ ಲಂಡನ್ನಿನ ಮೇಲೆ ಬಾಂಬು ಹಾಕಿ 162 ಜನರನ್ನು ಕೊಂದ ವಿಮಾನಗಳ ಹೆಸರು ಗೋಥಾ. ಅವು ತಯಾರಾಗುತ್ತಿದ್ದ ಊರಿನ ಹೆಸರು ಅದು. ಪಾಪ್ಲರ್ ಬಡಾವಣೆಯ ಒಂದು ಶಾಲೆಯಲ್ಲೇ ಹದಿನೆಂಟು ಮಕ್ಕಳು ಸತ್ತರು. ಆ ಹೆಸರನ್ನು ದೊರೆ ಇನ್ನು ಹೊತ್ತಿರುವುದು ಸಾಧ್ಯವಿರಲಿಲ್ಲ.

ಆದರೆ ಬದಲಿಸುವ ಮುಂಚೆ ಸದ್ಯದ ಅಡ್ಡಹೆಸರು ಯಾವುದು ಎಂದು ತಿಳಿಯಬೇಕಲ್ಲವೇ? ವಂಶಲಾಂಛನಗಳ ಉಸ್ತುವಾರಿ ನೋಡುವ ಕಾಲೇಜ್ ಆಫ್ ಆರ್ಮ್ಸ್‌ನ ಅಧಿಕಾರಿಯನ್ನು ಕೇಳಿದಾಗ ಅವರಿಗೂ ಖಚಿತವಾಗಿ ಹೇಳಲಾಗಲಿಲ್ಲ. ಸ್ಟುವರ್ಟ್ ಅಲ್ಲ, ಗ್ವೆಲ್ಫ್ ಅಲ್ಲ, ಬಹುಶಃ ವೆಟ್ಟಿನ್ ಇರಬಹುದು ಅಥವಾ ವಿಪ್ಪರ್ ಎಂದರು. ಭೂಮಂಡಲದ ಸುಮಾರು ಕಾಲು ಭಾಗದ ಮೇಲೆ ಆಳ್ವಿಕೆ ಇದ್ದ ದೊರೆಯ ಕುಟುಂಬಕ್ಕೆ ಅಡ್ಡಹೆಸರು ಏನೆಂಬುದು ಅದನ್ನು ತಿಳಿದಿರಬೇಕಾದವರಿಗೇ ತಿಳಿಯದಿದ್ದದ್ದು ಆ ಹೆಸರಿನ ಅಗತ್ಯ ಅದುವರೆಗೆ ಎಷ್ಟು ಕಡಿಮೆ ಇತ್ತು ಎಂಬುದಕ್ಕೆ ನನ್ನ ದೃಷ್ಟಿಯಲ್ಲಿ ಅತ್ಯುತ್ತಮ ಸಾಕ್ಷಿ. ಯಾರ್ಕ್, ಲ್ಯಾಂಕಾಸ್ಟರ್, ಪ್ಲಾಂಟಾಜೆನೆಟ್ ಮುಂತಾದ ಹೆಸರುಗಳು ಚರ್ಚೆಗೆ ಬಂದು ಹೋದವು. ಕೊನೆಗೆ ದೊರೆಯ ಆಪ್ತ ಕಾರ್ಯದರ್ಶಿ ಲಾರ್ಡ್ ಸ್ಟ್ಯಾಮ್‌ಫರ್ಡಮ್ ವಿಂಡ್ಸರ್ ಎಂಬ ಹೆಸರನ್ನು ಸೂಚಿಸಿದರು: ಹನ್ನೊಂದನೆಯ ಶತಮಾನದಿಂದ ದೊರೆಗಳು ವಾಸವಾಗಿದ್ದ ಕೋಟೆ, ಮೂರನೆಯ ಎಡ್ವರ್ಡ್ ಹುಟ್ಟಿದ ಸ್ಥಳ, ಕಿವಿಗೆ ಅಪ್ಪಟ ಇಂಗ್ಲಿಷ್. ಐದನೆಯ ಜಾರ್ಜ್ 1917ರ ಜುಲೈ 17ರಂದು ಹೊರಡಿಸಿದ ಘೋಷಣಾಪತ್ರ ‘ಮನೆತನ ಮತ್ತು ಕುಟುಂಬ’ ಎಂದು ಎರಡನ್ನೂ ಹೆಸರಿಸಿ ಹೇಳುತ್ತದೆ. ಹಾಗಾಗಿ ವಿಂಡ್ಸರ್ ವಂಶದ ಹೆಸರೂ ಹೌದು, ಅಡ್ಡಹೆಸರೂ ಹೌದು. ಎರಡನ್ನೂ ಒಂದೇ ಕಾಗದದಲ್ಲಿ ಒಂದು ಮಾಡಿದ್ದು ಆ ಘೋಷಣೆಯ ವಿಶೇಷ.

ಇದಕ್ಕೆ ಮೂರು ದಿನ ಮುಂಚೆ, ಜುಲೈ 14ರಂದು, ದೊರೆಯ ಸಂಬಂಧಿಯಾಗಿದ್ದ ಬ್ಯಾಟನ್‌ಬರ್ಗ್‌ನ ಲೂಯಿ ತನ್ನ ಜರ್ಮನ್ ಪದವಿಯನ್ನು ಬಿಟ್ಟು ಮೌಂಟ್‌ಬ್ಯಾಟನ್ ಆಗಿದ್ದ. ಜರ್ಮನ್ ಭಾಷೆಯಲ್ಲಿ ‘ಬರ್ಗ್’ ಎಂದರೆ ಬೆಟ್ಟ, ಇಂಗ್ಲಿಷಿನಲ್ಲಿ ‘ಮೌಂಟ್’. ಅರ್ಧ ಹೆಸರನ್ನು ಅನುವಾದಿಸಿ ಮುಂದಕ್ಕೆ ತಂದರು. ಮೌಂಟ್‌ಬ್ಯಾಟನ್-ವಿಂಡ್ಸರ್ ಎಂದು ಕೇಳಿದಾಗ ತುಂಬ ಹಳೆಯದೆನಿಸುವ ಹೆಸರಿನ ಎರಡೂ ಅರ್ಧಗಳು ಹೀಗೆ ಒಂದೇ ವಾರದಲ್ಲಿ, ಒಂದೇ ಯುದ್ಧದ ಒತ್ತಡದಲ್ಲಿ ಹುಟ್ಟಿದವು.

ಅವೆರಡೂ ಕೂಡಿದ್ದು ಎಲಿಜಬೆತ್ ರಾಣಿಯ ಗಂಡ ಫಿಲಿಪ್ ಮೂಲಕ. ಅವರು ಗ್ರೀಸ್ ಮತ್ತು ಡೆನ್ಮಾರ್ಕ್‌ನ ರಾಜಕುಮಾರನಾಗಿ ಹುಟ್ಟಿದವರು, ಅಡ್ಡಹೆಸರಿಲ್ಲದವರು. 1947ರಲ್ಲಿ ಬ್ರಿಟಿಷ್ ಪ್ರಜೆಯಾಗುವಾಗ ಅಡ್ಡಹೆಸರು ಬೇಕಾಯಿತು. ತಂದೆಯ ಕಡೆಯ ಓಲ್ಡನ್‌ಬರ್ಗ್ ವಂಶದ ಹೆಸರನ್ನು ಇಂಗ್ಲಿಷ್ ಮಾಡಿ ‘ಓಲ್ಡ್‌ಕಾಸಲ್’ ಎಂದಿಡುವ ಸಲಹೆಯೂ ಬಂದಿತ್ತು; ಕೊನೆಗೆ ತಾಯಿಯ ತವರಿನ ಮೌಂಟ್‌ಬ್ಯಾಟನ್ ನಿಂತಿತು. 1952ರಲ್ಲಿ ಹೆಂಡತಿ ರಾಣಿಯಾದಾಗ, ಗಂಡನ ಹೆಸರೇ ಮಕ್ಕಳಿಗೆ ಬರುವ ಆ ಕಾಲದ ರೂಢಿಯಂತೆ, ಇನ್ನು ಮೌಂಟ್‌ಬ್ಯಾಟನ್ ಮನೆತನ ಆಳುತ್ತದೆ ಎಂಬ ಮಾತು ಹಬ್ಬಿತು. ಅಜ್ಜಿ ಮೇರಿ ರಾಣಿಗೂ ಪ್ರಧಾನಿ ಚರ್ಚಿಲ್‌ಗೂ ಇದು ಸರಿಬರಲಿಲ್ಲ. ಮನೆತನವೂ ಕುಟುಂಬವೂ ವಿಂಡ್ಸರ್ ಆಗಿಯೇ ಮುಂದುವರಿಯುವುದೆಂದು ಏಪ್ರಿಲ್ 9ರಂದು ಘೋಷಣೆ ಹೊರಟಿತು. ತನ್ನ ಮಕ್ಕಳಿಗೆ ತನ್ನ ಹೆಸರು ಕೊಡಲಾಗದ ನೋವನ್ನು ಫಿಲಿಪ್ ಆಪ್ತರ ಬಳಿ ಕಟುವಾಗಿಯೇ ಹೇಳಿಕೊಂಡಿದ್ದರು. ಎಂಟು ವರ್ಷಗಳ ಮೇಲೆ, ಮೂರನೆಯ ಮಗು ಹೊಟ್ಟೆಯಲ್ಲಿದ್ದಾಗ, ರಾಣಿ ಹೊರಡಿಸಿದ 1960ರ ಘೋಷಣೆ ಒಂದು ಮಧ್ಯದ ದಾರಿ: ಮನೆತನ ವಿಂಡ್ಸರ್ ಆಗಿಯೇ ಉಳಿಯಿತು, ಪದವಿಯಿಲ್ಲದ ವಂಶಜರ ಅಡ್ಡಹೆಸರಿಗೆ ಗಂಡನ ಹೆಸರು ಸೇರಿತು. ಆದರೆ 1973ರ ನವೆಂಬರ್ 14ರಂದು ವೆಸ್ಟ್‌ಮಿನ್‌ಸ್ಟರ್ ಅಬಿಯಲ್ಲಿ ರಾಜಕುಮಾರಿ ಆನ್ ಮದುವೆಯಾದಾಗ ದಾಖಲೆ ಪುಸ್ತಕದ ಅಡ್ಡಹೆಸರಿನ ಅಂಕಣದಲ್ಲಿ ಮೌಂಟ್‌ಬ್ಯಾಟನ್-ವಿಂಡ್ಸರ್ ಎಂದು ಬರೆಯಲಾಯಿತು. ಘೋಷಣೆಯ ಅಕ್ಷರಾರ್ಥದ ಪ್ರಕಾರ ಪದವಿಯಲ್ಲಿದ್ದ ಆನ್‌ಗೆ ಆ ಹೆಸರು ಅನ್ವಯಿಸುವುದಿಲ್ಲ. ಅಂಕಣವನ್ನು ಖಾಲಿ ಬಿಡಲಾಗದ ಸಂದರ್ಭದಲ್ಲಿ ರಾಣಿಯ ಮಕ್ಕಳೆಲ್ಲರೂ ಅದನ್ನು ಬಳಸಬಹುದೆಂಬ ರೂಢಿ ಅಲ್ಲಿಂದ ನೆಲೆಯಾಯಿತು. ಸೇನೆಯಲ್ಲಿದ್ದಾಗ ವಿಲಿಯಂ ಮತ್ತು ಹ್ಯಾರಿ ತಂದೆಯ ಆಗಿನ ಪದವಿಯಿಂದ ‘ವೇಲ್ಸ್’ ಎಂಬ ಹೆಸರು ತೆಗೆದುಕೊಂಡದ್ದು ಇನ್ನೊಂದು ರೂಢಿ. ಅದಕ್ಕೆ ಯಾವ ಘೋಷಣೆಯ ಆಧಾರವೂ ಇಲ್ಲ.

ಅರಸೊತ್ತಿಗೆ ಹೋದ ದೇಶಗಳಲ್ಲಿ ಈ ವಿಷಯವನ್ನು ಕಾನೂನೇ ಕೈಗೆತ್ತಿಕೊಂಡಿತು. ಜರ್ಮನಿಯ 1919ರ ಸಂವಿಧಾನ ಹಳೆಯ ಬಿರುದುಗಳನ್ನು ಹೆಸರಿನ ಭಾಗವಾಗಿ ಮಾತ್ರ ಉಳಿಸಿತು. ಹಾಗಾಗಿ ಕೈಸರನ ವಂಶಜರಿಗೆ ಇವತ್ತು ‘ಪ್ರಿನ್ಸ್ ಫಾನ್ ಪ್ರಾಯ್ಸನ್’, ಅಂದರೆ ಪ್ರಷ್ಯಾದ ರಾಜಕುಮಾರ, ಎಂಬುದು ಪದವಿಯಲ್ಲ, ಬರಿಯ ಅಡ್ಡಹೆಸರು. ಆಸ್ಟ್ರಿಯಾ ಅದೇ ವರ್ಷ ಇನ್ನೂ ಕಠಿಣವಾಗಿ ‘ಫಾನ್’ ಎಂಬ ಪುಟ್ಟ ಪದವನ್ನೂ ತೆಗೆದುಹಾಕಿತು. ಕೊನೆಯ ಚಕ್ರವರ್ತಿಯ ಮಗ ಜರ್ಮನಿಯಿಂದ ಯುರೋಪಿಯನ್ ಸಂಸತ್ತಿಗೆ ಆರಿಸಿ ಹೋದಾಗ ಓಟ್ಟೊ ಫಾನ್ ಹ್ಯಾಬ್ಸ್‌ಬರ್ಗ್, ಆಸ್ಟ್ರಿಯಾದ ಕಾಗದಗಳಲ್ಲಿ ಓಟ್ಟೊ ಹ್ಯಾಬ್ಸ್‌ಬರ್ಗ್-ಲೋಥ್ರಿಂಗನ್. ಆರನೆಯ ವಯಸ್ಸಿಗೆ ಬಲ್ಗೇರಿಯಾದ ದೊರೆಯಾಗಿ 1946ರಲ್ಲಿ ದೇಶ ಬಿಟ್ಟಿದ್ದ ಎರಡನೆಯ ಸಿಮಿಯೋನ್ 2001ರಲ್ಲಿ ಚುನಾವಣೆ ಗೆದ್ದು ಪ್ರಧಾನಿಯಾಗಿದ್ದು ‘ಸಾಕ್ಸ್‌ಕೊಬರ್ಗ್‌ಗೊಟ್ಸ್ಕಿ’ ಎಂಬ ಅಡ್ಡಹೆಸರಿನಿಂದ. ಬ್ರಿಟಿಷರು 1917ರಲ್ಲಿ ಕಳಚಿಟ್ಟ ಹೆಸರೇ ಅದು, ಬಲ್ಗೇರಿಯನ್ ಭಾಷೆಯ ಪ್ರತ್ಯಯ ಹೊತ್ತು.

ಆಳುತ್ತಿರುವ ಮನೆತನಗಳಲ್ಲಿ ಸ್ವೀಡನ್ನಿನದು ವಿಶಿಷ್ಟ. ಫ್ರಾನ್ಸಿನ ಪೋ ಪಟ್ಟಣದ ವಕೀಲರೊಬ್ಬರ ಮಗ, ನೆಪೋಲಿಯನ್ನನ ಸೇನಾನಿ ಜಾನ್-ಬಾಪ್ಟಿಸ್ಟ್ ಬೆರ್ನಾದೊಟ್ 1810ರಲ್ಲಿ ಅಲ್ಲಿನ ಯುವರಾಜನಾಗಿ ಆಯ್ಕೆಯಾದ. ಸಾಮಾನ್ಯನ ಅಡ್ಡಹೆಸರೇ ರಾಜವಂಶದ ಹೆಸರಾಯಿತು. ಒಪ್ಪಿಗೆಯಿಲ್ಲದ ಮದುವೆಯಿಂದ ಪದವಿ ಕಳೆದುಕೊಂಡ ರಾಜಕುಮಾರರು ಮತ್ತೆ ಆ ಹೆಸರಿಗೇ ಮರಳಿದರು. ನೆದರ್ಲೆಂಡ್ಸಿನ ಈಗಿನ ದೊರೆ ವಿಲೆಮ್-ಅಲೆಕ್ಸಾಂಡರ್ 1986ರಲ್ಲಿ ಹೆಪ್ಪುಗಟ್ಟಿದ ಕಾಲುವೆಗಳ ಮೇಲೆ ಹನ್ನೊಂದು ಊರುಗಳನ್ನು ಸುತ್ತುವ ಸ್ಕೇಟಿಂಗ್ ಸ್ಪರ್ಧೆಗೆ ‘ವಾನ್ ಬ್ಯೂರೆನ್’ ಎಂಬ ಹೆಸರಿನಲ್ಲಿ ನೋಂದಾಯಿಸಿಕೊಂಡಿದ್ದರು; ಅವರ ಮನೆತನದ ಹಳೆಯ ಬಿರುದೊಂದರಲ್ಲಿ ಬರುವ ಊರು ಬ್ಯೂರೆನ್. ಡೆನ್ಮಾರ್ಕಿನ ಈಗಿನ ದೊರೆ ಫ್ರೆಡರಿಕ್ ಹಾರ್ವರ್ಡ್‌ನಲ್ಲಿ ಓದುವಾಗ ‘ಹೆನ್ರಿಕ್‌ಸೆನ್’ ಆಗಿದ್ದರು. ತಂದೆಯ ಹೆಸರು ಹೆನ್ರಿಕ್, ಅವರ ಮಗ ಹೆನ್ರಿಕ್‌ಸೆನ್, ಉತ್ತರ ಯುರೋಪಿನ ಹಳೆಯ ಪದ್ಧತಿಯಂತೆ.

ಕೊನೆಗೆ, ಅಡ್ಡಹೆಸರಿನ ವಿವಾದ ಇತ್ತೀಚಿನವರೆಗೂ ಜೀವಂತವಾಗಿದ್ದ ಗ್ರೀಸ್. 1974ರಲ್ಲಿ ಗಣರಾಜ್ಯವಾದ ಮೇಲೆ ಪದಚ್ಯುತ ದೊರೆ ಎರಡನೆಯ ಕಾನ್‌ಸ್ಟಂಟೈನ್ ಹೊರದೇಶದಲ್ಲಿ ನೆಲಸಿದ್ದರು. 1994ರ ಕಾನೂನು ಅವರ ಪೌರತ್ವವನ್ನು ಕಿತ್ತುಕೊಂಡಿತು. ಮರಳಿ ಬೇಕಾದರೆ ಗಣರಾಜ್ಯವನ್ನು ಒಪ್ಪಿ, ಒಂದು ಅಡ್ಡಹೆಸರು ಹಿಡಿದು ನೋಂದಾಯಿಸಿಕೊಳ್ಳಬೇಕೆಂದಿತು. ತನ್ನ ಕುಟುಂಬಕ್ಕೆ ಅಡ್ಡಹೆಸರೇ ಇಲ್ಲ, ಸರ್ಕಾರ ಹೇಳುವ ‘ಗ್ಲ್ಯುಕ್ಸ್‌ಬರ್ಗ್’ ಎಂಬುದು ಒಂದು ಊರಿನ ಹೆಸರು ಎಂದು ಅವರು ಒಪ್ಪಲಿಲ್ಲ. ಡೆನ್ಮಾರ್ಕಿನ ಪಾಸ್‌ಪೋರ್ಟಿನಲ್ಲಿ ಓಡಾಡಿದರು. 2023ರ ಜನವರಿಯಲ್ಲಿ ಅವರು ತೀರಿಕೊಳ್ಳುವವರೆಗೂ ಪ್ರಶ್ನೆ ಬಗೆಹರಿಯಲಿಲ್ಲ. 2024ರ ಡಿಸೆಂಬರಿನಲ್ಲಿ ಕುಟುಂಬದ ಹತ್ತು ಜನ ಗಣರಾಜ್ಯವನ್ನು ಮಾನ್ಯ ಮಾಡಿ ಪೌರತ್ವ ಪಡೆದರು. ಅವರು ಆರಿಸಿಕೊಂಡ ಅಡ್ಡಹೆಸರು ಫ್ರೆಂಚ್ ಭಾಷೆಯ ‘ದ ಗ್ರೆಸ್’, ಗ್ರೀಸಿನವರು ಎಂದು ಅರ್ಥ. ಇದು ಅಡ್ಡಹೆಸರಿನ ವೇಷದಲ್ಲಿರುವ ಬಿರುದು ಎಂದು ಅಲ್ಲಿನ ವಿರೋಧ ಪಕ್ಷಗಳು ಆಕ್ಷೇಪಿಸಿದವು. ಆ ಆಕ್ಷೇಪದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ.

ಸ್ಪೇನಿನಲ್ಲಿ ಮಾತ್ರ ಇಂಥ ಗೊಂದಲವಿಲ್ಲ. ಅಲ್ಲಿ ಪ್ರತಿಯೊಬ್ಬರಿಗೂ ತಂದೆಯದೊಂದು, ತಾಯಿಯದೊಂದು ಅಡ್ಡಹೆಸರು, ಮತ್ತು ಅರಮನೆಯೂ ಆ ನಿಯಮದ ಒಳಗೇ ಇದೆ. ಯುವರಾಣಿ ಲಿಯೊನೋರ್ 2023ರಲ್ಲಿ ಸರಗೋಸದ ಸೇನಾ ಅಕಾಡೆಮಿಗೆ ಸೇರಿದಾಗ ಸಮವಸ್ತ್ರದ ಎದೆಯ ಪಟ್ಟಿಯಲ್ಲಿ ಇದ್ದದ್ದು ‘ಬೊರ್ಬೊನ್ ಒರ್ತಿಸ್’: ಮೊದಲನೆಯದು, ಬೂರ್ಬೋಂ ಹೆಸರಿನ ಸ್ಪ್ಯಾನಿಷ್ ರೂಪ, ದೊರೆಯಾದ ತಂದೆಯದು, ಎರಡನೆಯದು ಮದುವೆಗೆ ಮುಂಚೆ ಟಿವಿ ಪತ್ರಕರ್ತೆಯಾಗಿದ್ದ ತಾಯಿಯದು. ಅವಳ ತಂದೆ ಆರನೆಯ ಫಿಲಿಪ್ ಅವರ ಪೂರ್ಣ ಹೆಸರಿನ ಕೊನೆಯಲ್ಲಿ ಬರುವುದು ‘ದೆ ಬೊರ್ಬೊನ್ ಇ ಗ್ರೆಸಿಯ’. ‘ಗ್ರೆಸಿಯ’ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಗ್ರೀಸ್. ಅದು ಅವರ ತಾಯಿ ಸೋಫಿಯಾ ಅವರಿಂದ ಬಂದದ್ದು, ಸೋಫಿಯಾ ಕಾನ್‌ಸ್ಟಂಟೈನ್ ಅವರ ಅಕ್ಕ.